ಪಾದ್ರಿಯಾಗಲು ಹೊರಟು ಕೋಚ್ ಆದ ಮೇಷ್ಟ್ರು

ಮೊನ್ನೆ ಆಫೀಸಿನಲ್ಲಿ ಒಂದು ಟ್ರೈನಿಂಗ್ ಇತ್ತು. 'ಲೀಡರ್‌ಶಿಪ್' ಅಂತ ಹೆಸರು. ಇಂಥ ಟ್ರೈನಿಂಗುಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತಲ್ಲ... ಕೊರೆಯುವ ಎ.ಸಿ., ಮಧ್ಯೆ ಸಮೋಸ, ಸ್ಲೈಡಿನ ಮೇಲೆ ಸ್ಲೈಡು. ಅದರಲ್ಲಿ ಒಂದು ಸ್ಲೈಡಿನಲ್ಲಿ ದಪ್ಪ ಕನ್ನಡಕ ಹಾಕಿಕೊಂಡು, ತಲೆ ಮೇಲೆ ಹ್ಯಾಟ್ ಇಟ್ಟುಕೊಂಡ, ಮುಂದಿನ ಹಲ್ಲುಗಳ ನಡುವೆ ಸಂದಿ ಇದ್ದ ಒಬ್ಬರ ಕಪ್ಪು-ಬಿಳುಪು ಫೋಟೋ. ಕೆಳಗೆ ಒಂದು ಸಾಲು: ಗೆಲುವು ಅನ್ನೋದು ಎಲ್ಲವೂ ಅಲ್ಲ, ಅದೊಂದೇ ಇರೋದು. ಅದರ ಕೆಳಗೆ ಹೆಸರು - ವಿನ್ಸ್ ಲೊಂಬಾರ್ಡಿ.

ಎಲ್ಲರೂ ತಲೆ ಆಡಿಸಿದರು. ನನಗೆ ಮಾತ್ರ ಎಲ್ಲೋ ಚುಚ್ಚಿದ ಹಾಗಾಯ್ತು. ಯಾಕಂದ್ರೆ ಅದರ ಹಿಂದಿನ ವಾರವಷ್ಟೇ ರಿಲೀಸಿನ ಟೆನ್ಷನ್ನಿನಲ್ಲಿ, ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬನ ಮೇಲೆ ಎಲ್ಲರ ಎದುರಿಗೇ ರೇಗಿಬಿಟ್ಟಿದ್ದೆ. ರಿಲೀಸ್ ಏನೋ ಟೈಮಿಗೆ ಸರಿಯಾಗಿ ಹೋಯ್ತು. ಆದ್ರೆ ಆ ಹುಡುಗ ಆವತ್ತಿನಿಂದ ನನ್ನ ಹತ್ತಿರ ಡೌಟ್ ಕೇಳೋದನ್ನೇ ನಿಲ್ಲಿಸಿಬಿಟ್ಟ. ಗೆಲುವೊಂದೇ ಇರೋದು ಅನ್ನೋದಾದ್ರೆ ನಾನು ಮಾಡಿದ್ದು ಸರಿಯೇ ಆಯ್ತಲ್ಲ?

ಮನೆಗೆ ಬಂದು ರಾತ್ರಿ ಈ ಲೊಂಬಾರ್ಡಿಯ ಬಗ್ಗೆ ಓದುತ್ತಾ ಕೂತೆ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಕೋಚ್, ಪ್ರತಿ ವರ್ಷ ಸೂಪರ್ ಬೌಲ್ ಗೆದ್ದ ತಂಡಕ್ಕೆ ಕೊಡುವ ಬೆಳ್ಳಿ ಟ್ರೋಫಿಗೆ ಇವರದೇ ಹೆಸರು ಅನ್ನೋದಷ್ಟೇ ನನಗೆ ಗೊತ್ತಿದ್ದದ್ದು. ಓದುತ್ತಾ ಹೋದ ಹಾಗೆ ಸಿಕ್ಕಿದ್ದು ಬೇರೆಯೇ ಮನುಷ್ಯ. ಮೊದಲು ಪಾದ್ರಿಯಾಗಲು ಹೊರಟವರು, ಆಮೇಲೆ ಹೈಸ್ಕೂಲ್ ಮೇಷ್ಟ್ರಾದವರು, ಕೊನೆಗೆ ಕೋಚ್ ಆದವರು. ಮೇಷ್ಟ್ರು ಅಂದಮೇಲೆ ಏಕವಚನ ಬಾಯಿಗೆ ಬರಲ್ಲ, ಹಾಗಾಗಿ ಬಹುವಚನವೇ ಇರಲಿ :-)

*

ವಿನ್ಸೆಂಟ್ ಲೊಂಬಾರ್ಡಿ ಹುಟ್ಟಿದ್ದು 1913ರ ಜೂನ್ 11ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಶೀಪ್ಸ್‌ಹೆಡ್ ಬೇ ಅನ್ನೋ ಕಡೆ. ಇಟಲಿಯಿಂದ ವಲಸೆ ಬಂದವರ ದೊಡ್ಡ ಕುಟುಂಬ. ಐದು ಮಕ್ಕಳಲ್ಲಿ ಇವರೇ ಹಿರಿಯರು. ಅಪ್ಪ ಹ್ಯಾರಿ ಮಾಂಸದ ವ್ಯಾಪಾರಿ. ಆ ಅಪ್ಪನ ಬೆರಳುಗಳ ಮೇಲೆ ಹಚ್ಚೆ ಇತ್ತಂತೆ. ಒಂದು ಕೈಯಲ್ಲಿ 'ಕೆಲಸ', ಇನ್ನೊಂದು ಕೈಯಲ್ಲಿ 'ಆಟ'! ಮಗನ ಇಡೀ ಜೀವನ ಆ ಎರಡು ಕೈಗಳ ಮೇಲೇ ಬರೆದಿತ್ತು ಅನ್ನಬಹುದೇನೋ.

ಭಾನುವಾರ ಅಂದ್ರೆ ಆ ಮನೆಯಲ್ಲಿ ಚರ್ಚಿನ ದಿನ. ಪೂಜೆಯ ಹೊತ್ತಿಗೆ ಪಾದ್ರಿಗಳ ಪಕ್ಕ ನಿಂತು ಸಹಾಯ ಮಾಡುವ ಹುಡುಗರಲ್ಲಿ ವಿನ್ಸ್ ಕೂಡ ಒಬ್ಬರು. ನಮ್ಮ ಕಡೆ ಹಿರಿ ಮಗ ವೇದಪಾಠಕ್ಕೆ ಹೋಗಲಿ ಅಂತ ಆಸೆಪಡುವ ಮನೆಗಳಿರುತ್ತಿದ್ದವಲ್ಲ, ಅಂಥ ಮನೆ. 1928ರಲ್ಲಿ, 15ನೇ ವಯಸ್ಸಿಗೆ, ಪಾದ್ರಿಯಾಗೋಕೆ ಅಂತಲೇ ಬ್ರೂಕ್ಲಿನ್ನಿನ ಕೆಥೆಡ್ರಲ್ ಪ್ರಿಪರೇಟರಿ ಸೆಮಿನರಿ ಸೇರಿದರು. ಆರು ವರ್ಷದ ಓದು. ಆದ್ರೆ ಒಂದು ತೊಂದರೆ ಇತ್ತು, ಹುಡುಗನಿಗೆ ಫುಟ್‌ಬಾಲ್ ಹುಚ್ಚು. ಸೆಮಿನರಿಯ ನಿಯಮಕ್ಕೆ ವಿರುದ್ಧವಾಗಿ ಹೊರಗೆ ಹೋಗಿ ಕದ್ದು ಆಡೋದು! ನಾಲ್ಕು ವರ್ಷ ಆದಮೇಲೆ, ಇದು ನನ್ನ ದಾರಿ ಅಲ್ಲ ಅಂತ ಸೆಮಿನರಿ ಬಿಟ್ಟು, 1932ರಲ್ಲಿ ಸೇಂಟ್ ಫ್ರಾನ್ಸಿಸ್ ಹೈಸ್ಕೂಲಿಗೆ ಸೇರಿಕೊಂಡರು. ಅಲ್ಲಿ ರಾಜಾರೋಷವಾಗಿ ಫುಟ್‌ಬಾಲ್ ಆಡಬಹುದಿತ್ತು.

ಪಾದ್ರಿಯಾಗೋದು ಬಿಟ್ಟರು ನಿಜ. ಆದ್ರೆ ಪೂಜೆ ಬಿಡಲಿಲ್ಲ. ಕೊನೆಯವರೆಗೂ ಬೆಳಗೆದ್ದು ಚರ್ಚಿಗೆ ಹೋಗಿಯೇ ಕೆಲಸ ಶುರು.

ಅಲ್ಲಿಂದ ಫೋರ್ಡಮ್ ವಿಶ್ವವಿದ್ಯಾಲಯ. ಅದು ಜೆಸ್ವಿಟ್ ಪಾದ್ರಿಗಳು ನಡೆಸುತ್ತಿದ್ದದ್ದು. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರು ಮಾಡಿದ್ದೂ ಇದೇ ಜೆಸ್ವಿಟರೇ. 1599ರಲ್ಲೇ ಹೇಗೆ ಪಾಠ ಮಾಡಬೇಕು ಅಂತ ಒಂದು ಪದ್ಧತಿಯನ್ನೇ ಬರೆದಿಟ್ಟುಕೊಂಡ ಜನ ಇವರು. ಅದರಲ್ಲಿ ಪುನರಾವರ್ತನೆಗೆ ದೊಡ್ಡ ಜಾಗ. ಹೇಳಿದ್ದನ್ನು ಮತ್ತೆ ಹೇಳು, ಕಲಿತದ್ದನ್ನು ಮತ್ತೆ ಒಪ್ಪಿಸು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಫೋರ್ಡಮ್‌ನಲ್ಲಿ ಲೊಂಬಾರ್ಡಿ ಗಾರ್ಡ್ ಆಗಿ ಆಡುತ್ತಿದ್ದರು. ಗಾರ್ಡ್ ಅಂದ್ರೆ ಚೆಂಡು ಮುಟ್ಟದವನು. ಚೆಂಡು ಹಿಡಿದು ಓಡುವವನಿಗೆ ಎದುರಾಳಿಗಳನ್ನು ನೂಕಿ ದಾರಿ ಮಾಡಿಕೊಡೋದಷ್ಟೇ ಅವನ ಕೆಲಸ. ಪೇಪರಿನಲ್ಲಿ ಫೋಟೋ ಬರೋದು ಓಡಿದವನದು, ಹಲ್ಲು ಅಲ್ಲಾಡೋದು ಇವನದು. ಗಾರ್ಡ್ ಆಗೋಕೆ ಲೊಂಬಾರ್ಡಿಯವರದ್ದು ತೀರಾ ಗಟ್ಟಿಮುಟ್ಟಾದ ಮೈಯೂ ಅಲ್ಲ, ಕಣ್ಣೂ ಮಂದ. ಆದರೂ 1936ರಲ್ಲಿ ಆ ತಂಡದ ಮುಂದಿನ ಸಾಲಿನ ಏಳು ಜನಕ್ಕೆ 'ಏಳು ಗ್ರಾನೈಟ್ ಬಂಡೆಗಳು' ಅಂತ ಹೆಸರು ಬಂತು. ಅದರಲ್ಲಿ ಒಂದು ಬಂಡೆ ಇವರು.

*

1937ರಲ್ಲಿ ಡಿಗ್ರಿ ಮುಗಿಯಿತು. ಅಮೆರಿಕದಲ್ಲಿ ಆಗ ಆರ್ಥಿಕ ಮುಗ್ಗಟ್ಟಿನ ಕಾಲ, ಸರಿಯಾದ ಕೆಲಸ ಎಲ್ಲಿ? ಒಂದಷ್ಟು ದಿನ ಅದು ಇದು ಕೆಲಸ, ಸ್ವಲ್ಪ ದಿನ ಲಾ ಕಾಲೇಜು, ಅದನ್ನೂ ಅರ್ಧಕ್ಕೇ ಬಿಟ್ಟರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗನನ್ನು ನೆಂಟರು ಹೇಗೆ ನೋಡ್ತಾರೆ ಅನ್ನೋದು ನಮ್ಮ ಪೈಕಿ ಕೆಲವರಿಗಾದ್ರೂ ಚೆನ್ನಾಗಿ ಗೊತ್ತು. ಮದುವೆಯಾಗಬೇಕು ಅಂದ್ರೆ, ಮೊದಲು ಒಂದು ಖಾಯಂ ಕೆಲಸ ನೋಡಿಕೋ ಅಂದರು ಅಪ್ಪ.

1939ರಲ್ಲಿ ಸಿಕ್ಕಿತು. ನ್ಯೂಜೆರ್ಸಿಯ ಎಂಗಲ್‌ವುಡ್ ಅನ್ನೋ ಊರಿನ ಸೇಂಟ್ ಸಿಸಿಲಿಯಾ ಅನ್ನೋ ಪುಟ್ಟ ಕ್ಯಾಥೊಲಿಕ್ ಹೈಸ್ಕೂಲು. ಫೋರ್ಡಮ್‌ನಲ್ಲಿ ಜೊತೆಗಿದ್ದ ಆಂಡಿ ಪಲಾವ್ ಅಲ್ಲಿ ಮುಖ್ಯ ಕೋಚ್, ಲೊಂಬಾರ್ಡಿ ಸಹಾಯಕ. ಕೋಚ್ ಕೆಲಸದ ಜೊತೆಗೆ ಫಿಸಿಕ್ಸ್, ಕೆಮಿಸ್ಟ್ರಿ ಮತ್ತು ಲ್ಯಾಟಿನ್ ಪಾಠ! ವರ್ಷಕ್ಕೆ ಸಂಬಳ 1000 ಡಾಲರಿಗೂ ಕಮ್ಮಿ. ಮುಂದಿನ ವರ್ಷ, 1940ರ ಆಗಸ್ಟ್ 31ರಂದು, ಮರೀ ಪ್ಲಾನಿಟ್ಸ್ ಅವರ ಜೊತೆ ಮದುವೆ. 1942ರಲ್ಲಿ ಪಲಾವ್ ಬೇರೆ ಕಡೆ ಹೋದಾಗ ಇವರೇ ಮುಖ್ಯ ಕೋಚ್ ಆದರು. 1943ರಲ್ಲಿ ಆ ಪುಟ್ಟ ಶಾಲೆಯ ತಂಡ ದೇಶದ ಅತ್ಯುತ್ತಮ ಹೈಸ್ಕೂಲ್ ತಂಡಗಳ ಸಾಲಿಗೆ ಬಂತು. ಫುಟ್‌ಬಾಲ್ ಸಾಲದು ಅಂತ ಬ್ಯಾಸ್ಕೆಟ್‌ಬಾಲ್ ಕೋಚ್ ಕೂಡ ಅವರೇ. ಅದರಲ್ಲೂ 1945ರಲ್ಲಿ ರಾಜ್ಯದ ಚರ್ಚ್ ಶಾಲೆಗಳ ಚಾಂಪಿಯನ್‌ಷಿಪ್ ಬಂತು.

ನನಗೆ ಕುತೂಹಲ ಅನ್ನಿಸಿದ್ದು ಕಪ್ಪುಗಳಲ್ಲ, ಅವರ ಪಾಠದ ರೀತಿ. ಕ್ಲಾಸಿನಲ್ಲಿ ಅತೀ ನಿಧಾನವಾಗಿ ಕಲಿಯುವ ಹುಡುಗನಿಗೆ ಅರ್ಥವಾಗುವ ತನಕ ಮುಂದಿನ ಪಾಠ ಇಲ್ಲ. ಮತ್ತೆ ಮತ್ತೆ ಅದನ್ನೇ ಹೇಳೋದು. ಜಾಣ ಹುಡುಗರಿಗೆ ಬೇಜಾರಾಗುತ್ತಿತ್ತೋ ಏನೋ! ಆದ್ರೆ ಮೈದಾನದಲ್ಲಿ ಇದು ಕೆಲಸ ಮಾಡುತ್ತೆ. ಯಾಕಂದ್ರೆ 11 ಜನರಲ್ಲಿ ಒಬ್ಬನಿಗೆ ಪಾಠ ಅರ್ಥವಾಗಿಲ್ಲ ಅಂದ್ರೂ ಎದುರಾಳಿ ನುಗ್ಗೋದು ಅವನು ನಿಂತ ಜಾಗದಲ್ಲೇ. ನಮ್ಮ ಕೋಡಿನ ಹಾಗೆ... ಹತ್ತು ಮಾಡ್ಯೂಲ್ ಚೆನ್ನಾಗಿದ್ದು ಒಂದು ಸರಿ ಇಲ್ಲ ಅಂದ್ರೆ ಕ್ರ್ಯಾಷ್ ಆಗೋದು ಅಲ್ಲೇ ತಾನೆ?

ಹೀಗೆ ಎಂಟು ವರ್ಷ ಕಳೆಯಿತು. ಎಂಟು ವರ್ಷ ಹೈಸ್ಕೂಲ್ ಮೇಷ್ಟ್ರು! ಈಗ ನಾವು ಎರಡು ವರ್ಷ ಒಂದೇ ಕಂಪನಿಯಲ್ಲಿದ್ದರೆ ಏನೋ ಕಳ್ಕೊಂಡ ಹಾಗೆ ಆಡ್ತೀವಿ.

1947ರಲ್ಲಿ ಫೋರ್ಡಮ್‌ಗೆ ವಾಪಸ್. 1949ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ರೆಡ್ ಬ್ಲೇಕ್ ಅನ್ನೋ ದೊಡ್ಡ ಕೋಚಿನ ಕೈಕೆಳಗೆ ಸಹಾಯಕ. 1951ರಲ್ಲಿ ಅಲ್ಲೊಂದು ದೊಡ್ಡ ಕಾಪಿ ಹಗರಣ ಆಯ್ತು. ಪರೀಕ್ಷೆಯ ಪ್ರಶ್ನೆಗಳನ್ನು ಹಂಚಿಕೊಂಡದ್ದಕ್ಕೆ ಸುಮಾರು 90 ಕೆಡೆಟ್‌ಗಳನ್ನು ಹೊರಗೆ ಹಾಕಿದರು. ಅದರಲ್ಲಿ ಫುಟ್‌ಬಾಲ್ ತಂಡದವರೇ ಬಹಳ ಮಂದಿ, ಸ್ವತಃ ಬ್ಲೇಕ್ ಅವರ ಮಗ ಕೂಡ! ಕಟ್ಟಿದ ತಂಡ ಒಂದೇ ಏಟಿಗೆ ಪುಡಿ. ಅದನ್ನು ಮತ್ತೆ ಸೊನ್ನೆಯಿಂದ ಕಟ್ಟೋದನ್ನು ಲೊಂಬಾರ್ಡಿ ಹತ್ತಿರದಿಂದ ನೋಡಿದರು. 1954ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಸಹಾಯಕ ಕೋಚ್. 1956ರಲ್ಲಿ ಆ ತಂಡ ಚಾಂಪಿಯನ್ ಕೂಡ ಆಯ್ತು. ಆದರೂ ಮುಖ್ಯ ಕೋಚ್ ಕೆಲಸ ಮಾತ್ರ ಯಾರೂ ಕೊಡಲಿಲ್ಲ. ತಮ್ಮ ಇಟಾಲಿಯನ್ ಹೆಸರೇ ಅಡ್ಡ ಬರುತ್ತಿದೆ ಅಂತ ಅವರಿಗೆ ಅನ್ನಿಸಿತ್ತು. ಈ ಮಾತೂ ನೆನಪಿರಲಿ.

*

ಗ್ರೀನ್ ಬೇ ಅನ್ನೋದು ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರು. 1960ರ ಜನಗಣತಿಯಲ್ಲಿ ಅಲ್ಲಿದ್ದದ್ದು ಸುಮಾರು 63,000 ಜನ. ಅಷ್ಟು ಸಣ್ಣ ಊರಿಗೆ ಒಂದು ಎನ್.ಎಫ್.ಎಲ್. ತಂಡ - ಪ್ಯಾಕರ್ಸ್. ಯಾವ ಸಾಹುಕಾರನದ್ದೂ ಅಲ್ಲ, ಊರ ಜನರೇ ಷೇರು ಹಾಕಿ ನಡೆಸುವ ತಂಡ. 1958ರಲ್ಲಿ ಅವರು 12 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಒಂದು ಡ್ರಾ, ಮಿಕ್ಕ ಹತ್ತೂ ಸೋಲು.

1959ರಲ್ಲಿ ಅವರು ಲೊಂಬಾರ್ಡಿಯನ್ನು ಕರೆಸಿಕೊಂಡರು. ಆಗ ಅವರಿಗೆ 45 ವರ್ಷ. ಮೇಷ್ಟ್ರಾಗಿ ಸೇರಿ ಬರೋಬ್ಬರಿ 20 ವರ್ಷ ಆದಮೇಲೆ! ಮೊದಲ ವರ್ಷವೇ 7 ಗೆಲುವು, 5 ಸೋಲು. ಎರಡನೇ ವರ್ಷ ಫೈನಲ್ಲಿಗೆ ಬಂದು ಫಿಲಡೆಲ್ಫಿಯಾ ಈಗಲ್ಸ್ ಎದುರು 17-13ರಲ್ಲಿ ಸೋತರು. ಆಮೇಲೆ 1961, 1962, 1965, 1966, 1967 - ಏಳು ವರ್ಷಗಳಲ್ಲಿ ಐದು ಚಾಂಪಿಯನ್‌ಷಿಪ್. ಮೊದಲ ಎರಡು ಸೂಪರ್ ಬೌಲ್‌ಗಳೂ ಇದರಲ್ಲೇ ಬಂದವು.

ಹೇಗೆ? ಮಂತ್ರ ಇಲ್ಲ ಮಾಯ ಇಲ್ಲ, ಅದೇ ಸೇಂಟ್ ಸಿಸಿಲಿಯಾದ ಕ್ಲಾಸ್‌ರೂಮು. ಈಗಲ್ಸ್ ಎದುರು ಸೋತ ಮರುವರ್ಷ, 1961ರ ಶಿಬಿರದ ಮೊದಲ ದಿನ ಚೆಂಡನ್ನು ಕೈಯಲ್ಲಿ ಹಿಡಿದು, ಇದು ಫುಟ್‌ಬಾಲ್ ಅಂತ ಶುರು ಮಾಡಿದರಂತೆ. ಎದುರಿಗೆ ಕೂತಿದ್ದವರೆಲ್ಲ ವರ್ಷಗಟ್ಟಲೆ ಅದನ್ನೇ ಆಡಿ ಹೊಟ್ಟೆ ಹೊರೆಯುತ್ತಿದ್ದ ಗಟ್ಟಿ ಕುಳಗಳು! ಮ್ಯಾಕ್ಸ್ ಮಗೀ ಅನ್ನೋ ತುಂಟ ಆಟಗಾರ, ಸ್ವಲ್ಪ ನಿಧಾನ ಸಾರ್, ತುಂಬಾ ಫಾಸ್ಟಾಗಿ ಹೋಗ್ತಿದೀರಿ ಅಂದನಂತೆ :-)

ಅವರ ಹೆಸರಾಂತ ಪಟ್ಟು 'ಪವರ್ ಸ್ವೀಪ್'. ಇಬ್ಬರು ಗಾರ್ಡುಗಳು ಸಾಲಿನಿಂದ ಹಿಂದೆ ಸರಿದು, ಪಕ್ಕಕ್ಕೆ ಓಡಿ, ಚೆಂಡು ಹಿಡಿದವನ ಮುಂದೆ ದಾರಿ ಬಿಡಿಸುತ್ತಾ ಹೋಗೋದು. ಇಷ್ಟೇ. ಅದು ಬರುತ್ತೆ ಅಂತ ಎದುರಾಳಿಗಳಿಗೆಲ್ಲ ಗೊತ್ತಿತ್ತು, ಆದರೂ ತಡೆಯೋಕಾಗ್ತಿರಲಿಲ್ಲ. ಮುಂದೆ ತಾನೂ ದೊಡ್ಡ ಕೋಚ್ ಆದ ಜಾನ್ ಮ್ಯಾಡನ್ ಎಳೆಯನಾಗಿದ್ದಾಗ ಲೊಂಬಾರ್ಡಿಯ ಒಂದು ಉಪನ್ಯಾಸಕ್ಕೆ ಹೋಗಿದ್ದನಂತೆ. ಆ ಒಂದೇ ಒಂದು ಪಟ್ಟಿನ ಬಗ್ಗೆ ಎಂಟು ಗಂಟೆ ಮಾತಾಡಿದರಂತೆ! ಫುಟ್‌ಬಾಲ್ ಬಗ್ಗೆ ನನಗೆಲ್ಲ ಗೊತ್ತು ಅಂದುಕೊಂಡು ಹೋದವನಿಗೆ, ಏನೂ ಗೊತ್ತಿಲ್ಲ ಅಂತ ಆವತ್ತು ಗೊತ್ತಾಯಿತಂತೆ. ತಾನು ಆಡಿದ ಗಾರ್ಡ್ ಜಾಗವನ್ನೇ, ಯಾರೂ ನೋಡದ ಆ ಜಾಗವನ್ನೇ, ಲೊಂಬಾರ್ಡಿ ಆಟದ ನಡುಮಧ್ಯೆ ತಂದಿಟ್ಟಿದ್ದರು ನೋಡಿ. ನನಗೆ ತುಂಬಾ ಹಿಡಿಸಿದ್ದು ಇದು.

ಇದಕ್ಕೆಲ್ಲ ಪರೀಕ್ಷೆ ಅಂತ ಬಂದದ್ದು 1967ರ ಡಿಸೆಂಬರ್ 31ರಂದು. ಗ್ರೀನ್ ಬೇಯಲ್ಲಿ ಡಲ್ಲಾಸ್ ಕೌಬಾಯ್ಸ್ ಎದುರು ಫೈನಲ್. ಚಳಿ ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್. ಲೊಂಬಾರ್ಡಿ ಹಟ ಹಿಡಿದು ಮೈದಾನದ ಕೆಳಗೆ ಹಾಕಿಸಿದ್ದ ಹೀಟರ್ ಆವತ್ತೇ ಕೈಕೊಟ್ಟಿತು. ನೆಲ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಇನ್ನು 16 ಸೆಕೆಂಡ್ ಇರುವಾಗ ಪ್ಯಾಕರ್ಸ್ 17-14ರಲ್ಲಿ ಹಿಂದೆ. ಗೆರೆ ದಾಟೋಕೆ ಒಂದು ಗಜವೂ ಇಲ್ಲ. ಟೈಮ್ ಔಟುಗಳೆಲ್ಲ ಖಾಲಿ. ಚೆಂಡನ್ನು ಒದ್ದು ಮೂರು ಪಾಯಿಂಟ್ ತಗೊಂಡ್ರೆ ಸಮ ಮಾಡಿಕೊಳ್ಳಬಹುದಿತ್ತು. ಅದು ಬೇಡ ಅಂದರು. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್, ಬೇರೆಯವನಿಗೆ ಚೆಂಡು ಕೊಟ್ಟರೆ ಅವನು ಜಾರಿ ಬಿದ್ದಾನು ಅಂತ, ಜೊತೆಯ ಆಟಗಾರರಿಗೆ ಹೇಳದೆ ತಾನೇ ಚೆಂಡು ಹಿಡಿದು ನುಗ್ಗಿದರು. ಮುಂದೆ ದಾರಿ ಮಾಡಿಕೊಟ್ಟದ್ದು ಗಾರ್ಡ್ ಜೆರ್ರಿ ಕ್ರೇಮರ್ ಮತ್ತು ಪಕ್ಕದ ಸೆಂಟರ್ ಕೆನ್ ಬೋಮನ್. 21-17! ಇದನ್ನು ಈಗಲೂ 'ಐಸ್ ಬೌಲ್' ಅಂತಲೇ ಕರೀತಾರೆ.

*

ಹಾಗಂತ ಇವರು ಸಾಧು ಅಂದುಕೊಳ್ಳಬೇಡಿ. ಮೈದಾನದಲ್ಲಿ ಅವರ ಬಾಯಿ ಕೆಟ್ಟದ್ದು, ಕೋಪ ಇನ್ನೂ ಕೆಟ್ಟದ್ದು. ಹೆನ್ರಿ ಜೋರ್ಡಾನ್ ಅನ್ನೋ ಆಟಗಾರ ತಮಾಷೆ ಮಾಡ್ತಿದ್ದ - ನಮ್ಮ ಕೋಚ್ ಯಾರಿಗೂ ಭೇದ ಮಾಡಲ್ಲ, ಎಲ್ಲರನ್ನೂ ಒಂದೇ ಥರ ನಾಯಿಗಳ ಹಾಗೆ ನೋಡ್ತಾರೆ ಅಂತ. ಅಭ್ಯಾಸಕ್ಕೆ ಹೇಳಿದ ಟೈಮಿಗೆ ಬಂದವನೂ ಅವರ ಲೆಕ್ಕದಲ್ಲಿ ಲೇಟು, 15 ನಿಮಿಷ ಮೊದಲೇ ಇರಬೇಕು. ಅದಕ್ಕೆ 'ಲೊಂಬಾರ್ಡಿ ಟೈಮ್' ಅಂತಲೇ ಹೆಸರು. ನಮ್ಮ ಟೀಮ್ ಮೀಟಿಂಗಿಗೆ ಅವರು ಬಂದಿದ್ರೆ ಮೊದಲ ದಿನವೇ ಎದೆ ಹಿಡ್ಕೊಂಡು ಕೂರ್ತಿದ್ರೇನೋ.

ಪ್ರತಿದಿನ ಬೆಳಗ್ಗೆ ಊರಿನ ಸೇಂಟ್ ವಿಲಿಬ್ರಾರ್ಡ್ ಚರ್ಚಿನಲ್ಲಿ ಮಂಡಿಯೂರಿ, ಪರಮ ಪ್ರಸಾದ ತಗೊಂಡು, ಒಂದೆರಡು ಗಂಟೆಯಲ್ಲಿ ಮೈದಾನಕ್ಕೆ ಬಂದು ಗಂಟಲು ಹರಿಯುವ ಹಾಗೆ ಬೈಯೋದು! ಇದು ಆಷಾಢಭೂತಿತನವೇ? ಮೊದಲು ನನಗೂ ಹಾಗೇ ಅನ್ನಿಸಿತು. ಈಗ ಬೇರೆ ಥರ ಅನ್ನಿಸುತ್ತೆ. ತನ್ನ ಕೋಪ ಎಂಥದ್ದು ಅಂತ ಗೊತ್ತಿದ್ದವನೇ ದಿನಾ ಚರ್ಚಿಗೆ ಹೋಗಬೇಕಾಗುತ್ತೆ. ಕೋಪವೇ ಬರದವನಿಗೆ ಆ ಅಗತ್ಯ ಎಲ್ಲಿದೆ?

ಮನೆಯ ಕಥೆ ಮಾತ್ರ ಬೇಸರ ತರಿಸುತ್ತೆ. ದೇವರು, ಕುಟುಂಬ, ಆಮೇಲೆ ತಂಡ, ಈ ಕ್ರಮದಲ್ಲಿರಲಿ ನಿಮ್ಮ ಬದುಕು ಅಂತ ಆಟಗಾರರಿಗೆ ಹೇಳುತ್ತಿದ್ದವರು. ತಾವು ಮಾತ್ರ ಆ ಕ್ರಮ ಪಾಲಿಸಲಿಲ್ಲ. ಮದುವೆಯಾದ ಒಂದೇ ವಾರಕ್ಕೆ ತನ್ನದು ದೊಡ್ಡ ತಪ್ಪಾಯಿತು ಅನ್ನಿಸಿತ್ತು ಅಂತ ಮರೀ ಮುಂದೆ ಹೇಳಿಕೊಂಡಿದ್ದಾರೆ. ಹನಿಮೂನ್ ಅರ್ಧಕ್ಕೇ ಮುಗಿಸಿ ಫುಟ್‌ಬಾಲಿಗೆ ಓಡಿ ಬಂದ ಗಂಡ! ಮಗ, ಮಗಳು ಇಬ್ಬರಿಗೂ ಅಪ್ಪ ಸಿಕ್ಕಿದ್ದು ಕಮ್ಮಿ, ಆ ತಂಡದ ಆಟಗಾರರಿಗೇ ಜಾಸ್ತಿ. ಕ್ಲಾಸಿನ ಕೊನೆ ಬೆಂಚಿನ ಹುಡುಗನಿಗಾಗಿ ಕಾದ ಮೇಷ್ಟ್ರು ಮನೆಯಲ್ಲಿ ಅಷ್ಟು ಕಾಯಲಿಲ್ಲ.

ಆದ್ರೆ ಇದೇ ಮನುಷ್ಯನ ಇನ್ನೊಂದು ಮುಖ ನೋಡಿ. ಇವರು ಬಂದಾಗ ಪ್ಯಾಕರ್ಸ್ ತಂಡದಲ್ಲಿದ್ದದ್ದು ಒಬ್ಬನೇ ಕಪ್ಪು ಆಟಗಾರ. 1967ರ ಹೊತ್ತಿಗೆ 13 ಜನ. ವಿಲ್ಲಿ ಡೇವಿಸ್, ವಿಲ್ಲಿ ವುಡ್, ಹರ್ಬ್ ಆ್ಯಡರ್ಲಿ ಮುಂತಾದ ದಿಗ್ಗಜರು. ನನ್ನ ಕಪ್ಪು ಆಟಗಾರರನ್ನು ಯಾವ ಹೋಟೆಲು, ಬಾರು ಒಳಗೆ ಬಿಡಲ್ಲವೋ ಅಲ್ಲಿಗೆ ಇಡೀ ತಂಡವೇ ಕಾಲಿಡಲ್ಲ ಅಂತ ಊರಿಗೇ ಹೇಳಿಬಿಟ್ಟರು. ದಕ್ಷಿಣದ ಜಾರ್ಜಿಯಾದಲ್ಲಿ ಪಂದ್ಯವಾದಾಗ, ಕಪ್ಪು-ಬಿಳಿ ಬೇರೆ ಬೇರೆ ಹೋಟೆಲುಗಳಲ್ಲಿ ಇರಬೇಕಾಗುತ್ತೆ ಅಂತ, ಎಲ್ಲರನ್ನೂ ಒಟ್ಟಿಗೆ ಸೈನ್ಯದ ಬ್ಯಾರಕ್ಕಿನಲ್ಲಿ ಉಳಿಸಿದರು. ಅವರ ತಮ್ಮ ಹೆರಾಲ್ಡ್ ಸಲಿಂಗಿ. 1969ರಲ್ಲಿ ವಾಷಿಂಗ್ಟನ್ ತಂಡಕ್ಕೆ ಕೋಚ್ ಆಗಿ ಹೋದಾಗ ಅಲ್ಲಿನ ಆಟಗಾರ ಜೆರ್ರಿ ಸ್ಮಿತ್‌ನ ವಿಷಯವೂ ಅವರಿಗೆ ಗೊತ್ತಿತ್ತು. ತಾನಿರುವ ತನಕ ಇಲ್ಲಿ ಅದೊಂದು ವಿಷಯವೇ ಅಲ್ಲ ಅಂತ ಅವನಿಗೆ ಭರವಸೆ ಕೊಟ್ಟರು. 1969ರಲ್ಲಿ! ಅವರ ಚರ್ಚೂ ಒಪ್ಪದ, ಸಮಾಜವೂ ಒಪ್ಪದ ಕಾಲ ಅದು. ಹೆಸರಿನ ಕಾರಣಕ್ಕೆ ತನ್ನನ್ನು ಹೊರಗಿಟ್ಟರು ಅಂತ ನೊಂದವರು ಇನ್ನೊಬ್ಬರನ್ನು ಹೊರಗಿಡಲಿಲ್ಲ. ಇಷ್ಟು ಮಾಡಿದ್ರೆ ಸಾಕಲ್ವಾ ಒಂದು ಜನ್ಮಕ್ಕೆ?

*

ಈಗ ಆ ಸ್ಲೈಡಿನ ಸಾಲಿಗೆ ಬರೋಣ. ಗೆಲುವೊಂದೇ ಇರೋದು ಅನ್ನೋ ಮಾತು ಮೂಲದಲ್ಲಿ ಲೊಂಬಾರ್ಡಿಯದ್ದೇ ಅಲ್ಲ! ಅವರಿಗಿಂತ ಮೊದಲೇ ರೆಡ್ ಸ್ಯಾಂಡರ್ಸ್ ಅನ್ನೋ ಕಾಲೇಜ್ ಕೋಚ್ ಹೇಳಿದ್ದು. 1953ರಲ್ಲಿ ಬಂದ ಜಾನ್ ವೇನ್ ಸಿನಿಮಾ ಒಂದರಲ್ಲೂ ಇದೆ. ತಮಾಷೆ ಏನಂದ್ರೆ ಅದೊಂದು ಬಡ ಕ್ಯಾಥೊಲಿಕ್ ಕಾಲೇಜಿನ ಫುಟ್‌ಬಾಲ್ ಕೋಚಿನ ಕಥೆ. ಲೊಂಬಾರ್ಡಿ ಈ ಮಾತನ್ನು ಬಳಸಿದ್ದು ಹೌದು. ಆದ್ರೆ ಜನ ಅದನ್ನು ತಿರುಚಿದರು, ತಾನು ಹೇಳಹೊರಟಿದ್ದು ಗೆಲ್ಲಬೇಕೆಂಬ ಛಲದ ಬಗ್ಗೆ ಅಂತ ಕೊನೆಗಾಲದಲ್ಲಿ ನೊಂದುಕೊಂಡರಂತೆ.

ಕೊನೆಗಾಲ ಬೇಗ ಬಂತು. 1967ರಿಂದಲೇ ಹೊಟ್ಟೆಯ ತೊಂದರೆ ಇತ್ತು. ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದರೂ ಕೇಳಲಿಲ್ಲ. 1970ರ ಜೂನಿನಲ್ಲಿ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗುವಾಗ ತಡವಾಗಿತ್ತು. ಹದಿನೈದು ನಿಮಿಷ ಮೊದಲೇ ಬಾ ಅನ್ನುತ್ತಿದ್ದವರು ಡಾಕ್ಟರ ಹತ್ತಿರ ಮಾತ್ರ ತಡವಾಗಿ ಹೋದರು. ಸೆಪ್ಟೆಂಬರ್ 3ರಂದು, 57ನೇ ವಯಸ್ಸಿಗೆ, ತೀರಿಕೊಂಡರು. ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ ಕಾರ್ಡಿನಲ್ ಟೆರೆನ್ಸ್ ಕುಕ್ ಅಂತಿಮ ಪೂಜೆಯಲ್ಲಿ ಮಾತಾಡಿದರು. ಪಾದ್ರಿಯಾಗಲು ಹೊರಟಿದ್ದ ಬ್ರೂಕ್ಲಿನ್ ಹುಡುಗನಿಗೆ ಫಿಫ್ತ್ ಅವೆನ್ಯೂ ರಸ್ತೆಯನ್ನೇ ಮುಚ್ಚಿ ವಿದಾಯ ಹೇಳಿದರು.

ಕೊನೆಯದಾಗಿ ಒಂದು ಘಟನೆ. ಇಷ್ಟೆಲ್ಲ ಬರೆಯೋಕೆ ಕೂತಿದ್ದೇ ಇದಕ್ಕೋಸ್ಕರ. ಬಾರ್ಟ್ ಸ್ಟಾರ್ ಅಂದೆನಲ್ಲ, ಐಸ್ ಬೌಲ್‌ನಲ್ಲಿ ನುಗ್ಗಿದವರು. 1956ರ ಆಯ್ಕೆಯಲ್ಲಿ 199 ಜನ ಆದಮೇಲೆ 200ನೆಯವರಾಗಿ ತಂಡಕ್ಕೆ ಬಂದವರು. ಮಿತಭಾಷಿ. ಲೊಂಬಾರ್ಡಿ ಬಂದ ಹೊಸದರಲ್ಲಿ ಅಭ್ಯಾಸದ ವೇಳೆ ಎಲ್ಲರೆದುರು ಅವರಿಗೆ ಸರಿಯಾಗಿ ಬೈದರು. ಸ್ಟಾರ್ ಆಮೇಲೆ ಕೋಚಿನ ಕೋಣೆಗೇ ಹೋಗಿ ಹೇಳಿದರಂತೆ - ತಪ್ಪು ಮಾಡಿದರೆ ಬೈಯಿರಿ, ಆದ್ರೆ ಇಲ್ಲಿ ಕರೆದು ಬೈಯಿರಿ. ನಾನು ತಂಡ ನಡೆಸಬೇಕಾದವನು, ಅವರೆದುರು ಬೈದರೆ ಅವರು ನನ್ನ ಮಾತು ಕೇಳೋದು ಹೇಗೆ? ಲೊಂಬಾರ್ಡಿ ಒಪ್ಪಿಕೊಂಡರು. ಆಮೇಲೆ ಇನ್ನೆಂದೂ ಸ್ಟಾರ್‌ಗೆ ತಂಡದೆದುರು ಬೈಯಲಿಲ್ಲ. ಅದೇ ಸ್ಟಾರ್ ಮೊದಲ ಎರಡೂ ಸೂಪರ್ ಬೌಲ್‌ಗಳಲ್ಲಿ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು.

ಸ್ಲೈಡಿನಲ್ಲಿ ಹಾಕಬೇಕಾದದ್ದು ಈ ಕಥೆ ಅಲ್ವಾ? 46ನೇ ವಯಸ್ಸಿಗೋ 47ನೇ ವಯಸ್ಸಿಗೋ ಒಬ್ಬ ಮುಂಗೋಪಿ ಮೇಷ್ಟ್ರು, ತನಗಿಂತ 20 ವರ್ಷ ಚಿಕ್ಕವನ ಮಾತು ಕೇಳಿ ತಿದ್ದಿಕೊಂಡದ್ದು.

ನನ್ನ ಟೀಮಿನ ಹುಡುಗ ಬಾರ್ಟ್ ಸ್ಟಾರ್ ಅಲ್ಲ, ನನ್ನ ಹತ್ತಿರ ಬಂದು ಹೀಗೆ ಹೇಳುವಷ್ಟು ಧೈರ್ಯ ಅವನಿಗೆಲ್ಲಿಂದ ಬರಬೇಕು? ಹಾಗಾಗಿ ನಾನೇ ಹೋದೆ. ನಿನ್ನೆ ಟೀಗೆ ಕರ್ಕೊಂಡು ಹೋಗಿ, ಆವತ್ತು ನನ್ನದು ತಪ್ಪಾಯ್ತು ಕಣೋ ಅಂದೆ. ಅವನು, ಅಯ್ಯೋ ಪರವಾಗಿಲ್ಲ ಸಾರ್ ಅಂತ ನೆಲ ನೋಡಿದ. ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಸೀಟಿನ ಹತ್ತಿರ ಬಂದ. ಒಂದು ಸಣ್ಣ ಡೌಟ್ ಇತ್ತಂತೆ.

ಅವನಿಗೆ ಮೂರು ಸಲ ಹೇಳಿಕೊಡಬೇಕಾಯ್ತು. ಹೇಳಿಕೊಟ್ಟೆ :-)